ದಿನಕ್ಕೊಂದು ಹಾಳೆ

ನ್ಯೂಯಾರ್ಕಿನ ಬೆಳಗಿನ ರೈಲಿನಲ್ಲಿ ಎಲ್ಲರೂ ಮೊಬೈಲ್‌ನಲ್ಲಿ ಮುಳುಗಿರುವಾಗ ತಾಲ್ಮುದ್ ಬಿಚ್ಚಿಕೊಂಡು ಕೂರುವವರು ಒಬ್ಬಿಬ್ಬರಾದರೂ ಕಾಣಿಸುತ್ತಾರೆ. ಯಹೂದಿಗಳ ಧರ್ಮಗ್ರಂಥ ತೋರಾದ ನಿಯಮಗಳ ಮೇಲೆ ಅವರ ಧರ್ಮಗುರುಗಳಾದ ರಬ್ಬಿಗಳು ನಡೆಸಿದ ಚರ್ಚೆಗಳ ಮಹಾಸಂಗ್ರಹ ಅದು. ದಿನಕ್ಕೆ ಒಂದು ಹಾಳೆ, ಎರಡೂ ಮಗ್ಗುಲು. ಹೀಗೆ 2,711 ಹಾಳೆ ಮುಗಿಸಲು ಏಳೂವರೆ ವರ್ಷ ಬೇಕು. ನಮ್ಮ ಸಾಡೇಸಾತಿಯ ಲೆಕ್ಕವೂ ಅಷ್ಟೇ. ಇದನ್ನು ಮಾತ್ರ ಜನ ಆಸೆಪಟ್ಟು ಹಿಡಿಸಿಕೊಳ್ಳುತ್ತಾರೆ!

ಈ ‘ದಾಫ್ ಯೋಮಿ’ ಪದ್ಧತಿಯನ್ನು 1923ರಲ್ಲಿ ವಿಯೆನ್ನಾದ ಸಮ್ಮೇಳನವೊಂದರಲ್ಲಿ ಮುಂದಿಟ್ಟವರು ರಬ್ಬಿ ಮೇಯರ್ ಶಪಿರೊ. ಓದುಗ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಆ ದಿನ ಎಲ್ಲರದೂ ಅದೇ ಹಾಳೆ.

ಪಕ್ಕದಲ್ಲಿ ಕುಳಿತು ಇಣುಕಿ ನೋಡುವ ಕೆಟ್ಟ ಚಾಳಿ ನನಗಿದೆ. ನಡುವೆ ಮೂಲಪಾಠ. ಒಂದು ಬದಿಗೆ ಹನ್ನೊಂದನೆಯ ಶತಮಾನದ ‘ರಾಶಿ’ ಎಂಬ ಪಂಡಿತರ ಟಿಪ್ಪಣಿ. ಇನ್ನೊಂದು ಬದಿಗೆ ಅದನ್ನೇ ಕೆದಕಿ ಪ್ರಶ್ನಿಸುವ, ನಂತರದ ಪಂಡಿತರ ಟಿಪ್ಪಣಿಗಳಾದ ತೋಸಫೋತ್. ಅದರ ಪಂಡಿತರಲ್ಲಿ ರಾಶಿಯವರ ಮೊಮ್ಮಕ್ಕಳೂ ಇದ್ದಾರೆ. ಅಜ್ಜನ ಮಾತಿಗೆ ಅಜ್ಜನ ಪುಟದಲ್ಲೇ ಆಕ್ಷೇಪ! ಮೂಲಪಾಠದಲ್ಲಿ ಬರುವ ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಪ್ರಾಚೀನ ಗುರುಗಳ ಪಂಥಗಳ ವಾದದಲ್ಲಿ ಬಹುತೇಕ ಗೆಲ್ಲುವುದು ಹಿಲ್ಲೆಲ್ ಪಂಥ. ಆದರೂ ಸೋತವರ ಮಾತನ್ನು ಯಾರೂ ಅಳಿಸಿಲ್ಲ. ಇಂದಿಗೂ ವಿದ್ಯಾರ್ಥಿಗಳು ಅದನ್ನು ಅಷ್ಟೇ ಕಾಳಜಿಯಿಂದ ಕಲಿಯುತ್ತಾರೆ. ಭಕ್ತಿ ಎಂದರೆ ತಲೆಬಾಗಿ ಒಪ್ಪುವುದು ಎಂದುಕೊಂಡು ಬೆಳೆದ ನನಗೆ ಈ ಸಲಿಗೆಯ ಮೇಲೆ ಹೊಟ್ಟೆಕಿಚ್ಚು.

ಒಂದು ಸಂಪುಟ ಮುಗಿದಾಗ ಅದನ್ನೇ ಉದ್ದೇಶಿಸಿ ‘ನಿನ್ನ ಬಳಿಗೆ ಮರಳಿ ಬರುತ್ತೇವೆ’ ಎನ್ನುವ ಪ್ರಾರ್ಥನೆಯೂ ಇದೆ. ಹದಿನಾಲ್ಕನೆಯ ಸುತ್ತು 2020ರ ಜನವರಿಯಲ್ಲಿ ಆರಂಭವಾಯಿತು. ಕೊನೆಯ ಹಾಳೆ 2027ರ ಜೂನ್‌ನಲ್ಲಿ. ಮರುದಿನವೇ ಮತ್ತೆ ಮೊದಲ ಸಂಪುಟ ‘ಬೆರಾಖೋತ್’.