ಪಿಕಪ್ ಗಾಡಿಯ ಆಯಿಲ್ ಬದಲಿ, ಮೂರನೇ ಸಲ: ಫರಸಿ ಮೇಲೆ ಹನಿ ಬೀಳದ ಹಾಗೆ

ಗಾಡಿ: ಎರಡೂವರೆ ಲೀಟರ್ ಡೀಸೆಲ್ ಎಂಜಿನ್ನಿನ ಪಿಕಪ್, ಬಿಎಸ್-4, ಟರ್ಬೊ ಇದೆ. ಕೈಪಿಡಿ ಹೇಳುವ ಆಯಿಲ್ 15ಡಬ್ಲ್ಯೂ-40 ದಪ್ಪದ್ದು, ಸಿಐ-4 ಪ್ಲಸ್ ದರ್ಜೆಯದು, ಫಿಲ್ಟರ್ ಸೇರಿ 6.5 ಲೀಟರ್. ಡ್ರೇನ್ ಬೋಲ್ಟಿಗೆ 19ರ ಪಾನಾ. ಜಾಗ: ಬಾಗಲಕೋಟೆ ನವನಗರದಲ್ಲಿ ಮನೆ ಮುಂದಿನ ಫರಸಿ ಅಂಗಳ. ಫರಸಿ ಕಲ್ಲು ಆಯಿಲನ್ನು ಹೀರಿಕೊಳ್ಳುತ್ತದೆ. ಕೂಡಲೇ ತೆಗೆಯದೆ ಬಿಟ್ಟ ಕಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಎರಿ ಮಣ್ಣಿನ ಮೇಲೆ ಮಾಡೋಣವೆಂದರೆ, ಜಾಕು ಬೇಕಾದಾಗ ಅದು ಹೂತುಹೋಗುತ್ತದೆ, ಮಣ್ಣೂ ಕೆಡುತ್ತದೆ. ಹಾಗಾಗಿ ಪ್ರತಿ ಸಲವೂ ಒಂದೇ ಲೆಕ್ಕ: ಎಲ್ಲಿ ಸೋರಿತು, ಯಾಕೆ ಸೋರಿತು.

ಮೊದಲ ಸಲ, ಗಾಡಿ ಓಡಿದ್ದು 1,12,400 ಕಿ.ಮೀ.

ಚೇಂಬರಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಕೆಳಗೆ ಘಮೇಲಾ ಇಟ್ಟು ಬೋಲ್ಟ್ ಬಿಚ್ಚಿದ್ದು. ಮೂರು ತಪ್ಪು. ಬೋಲ್ಟ್ ಚೇಂಬರಿನ ಹಿಂಬದಿಯಲ್ಲಿ ಅಡ್ಡಕ್ಕೆ ಕೂತಿರುತ್ತದೆ. ಚೇಂಬರ್ ತುಂಬಿರುವಾಗ ಮೊದಲ ಧಾರೆ ನೇರ ಕೆಳಗೆ ಬೀಳದೆ ಒಂದಡಿ ಹಿಂದಕ್ಕೆ ಹಾರುತ್ತದೆ. ಆಯಿಲ್ ಇಳಿದಂತೆ ಧಾರೆ ಹತ್ತಿರಕ್ಕೆ ಸರಿಯುತ್ತದೆ, ಕೊನೆಗೆ ಬೋಲ್ಟಿನ ತೂತಿನ ನೆಟ್ಟಗೆ ಕೆಳಗೆ ತೊಟ್ಟಿಕ್ಕುತ್ತದೆ. ದುಂಡನೆಯ ಘಮೇಲಾ ಈ ಎರಡೂ ತುದಿಗೆ ಸಾಲದು. ಎರಡನೆಯದು ಗಾಳಿ. ಧಾರೆ ದಾರದಷ್ಟು ತೆಳ್ಳಗಾದಾಗ ಆಷಾಢದ ಗಾಳಿ ಅದನ್ನು ಹೊರಗೆ ಎಳೆದೊಯ್ಯಿತು. ಮೂರನೆಯದು, ತುಂಬಿದ ಘಮೇಲಾ ಎತ್ತಿ ಕ್ಯಾನಿಗೆ ಸುರಿಯುವುದು. ಆರು ಲೀಟರ್ ಆಯಿಲ್ ತುಳುಕದೆ ಒಯ್ಯಲು ಆಗುವುದೇ ಇಲ್ಲ.

1,22,350 ಕಿ.ಮೀ.

ಘಮೇಲಾ ಬಿಟ್ಟು 20 ಲೀಟರಿನ ಪ್ಲಾಸ್ಟಿಕ್ ಕ್ಯಾನ್. ಅಗಲ ಮಗ್ಗುಲನ್ನು ಕೆಳಗೆ ಮಾಡಿ ಮಲಗಿಸಿ, ಮೇಲಿನ ಮಗ್ಗುಲಿನಲ್ಲಿ ಉದ್ದಕ್ಕೆ ಕಿಟಕಿ ಕತ್ತರಿಸಿದ್ದು. ಸುತ್ತ ಮೂರು ಬೆರಳಿನಷ್ಟು ಅಂಚು ಬಿಡಬೇಕು, ಸಿಡಿದ ಆಯಿಲ್ ಆ ಅಂಚಿಗೆ ತಾಗಿ ಒಳಗೇ ಬೀಳುತ್ತದೆ. ಕ್ಯಾನಿನ ಬಾಯಿ, ಮುಚ್ಚಳ, ಹಿಡಿಕೆ ಹಾಗೇ ಇರುತ್ತವೆ. ಮುಚ್ಚಳದೊಳಗಿನ ರಬ್ಬರ್ ವಾಷರ್ ಸರಿಯಿದೆಯೇ ಎಂದು ಮೊದಲು ನೀರು ತುಂಬಿ ನೋಡಿ, ಆಮೇಲೆ ಪೂರ್ತಿ ಒಣಗಿಸಬೇಕು. ಕೆಲಸ ಮುಗಿದ ಮೇಲೆ ಆ ಬಾಯಿಯಿಂದಲೇ ಹಳೇ ಆಯಿಲ್ ಡಬ್ಬಿಗಳಿಗೆ ಸುರಿಯಬಹುದು.

ಬೋಲ್ಟಿನ ಕಡೆ ಒಂದು ಹನಿಯೂ ಬೀಳಲಿಲ್ಲ. ಆದರೆ ಫಿಲ್ಟರ್ ಬಿಚ್ಚಿದಾಗ ಒಳಗಿದ್ದ ಅರ್ಧ ಲೀಟರಿನಲ್ಲಿ ಮುಕ್ಕಾಲು ಭಾಗ ಕೆಳಗಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಮೇಲೆ ಹರಿದು, ಅಲ್ಲಿಂದ ನಾಲ್ಕು ಕಡೆ ತೊಟ್ಟಿಕ್ಕಿತು. ಮರುದಿನವೂ ತೊಟ್ಟಿಕ್ಕುತ್ತಲೇ ಇತ್ತು. ರಾಡಿಯಾಗುವುದು ಬೋಲ್ಟಿನಿಂದಲ್ಲ, ಫಿಲ್ಟರಿನಿಂದ ಎಂದು ಗೊತ್ತಾದದ್ದು ಈ ಸಲ.

1,32,300 ಕಿ.ಮೀ.

ಬೆಳಿಗ್ಗೆ ಏಳಕ್ಕೆ ಶುರು, ಗಾಳಿ ಏಳುವ ಮೊದಲು. ಆಯಿಲ್ ಮುಚ್ಚಳ ತೆರೆದಿರುವಾಗ ಧೂಳು ಒಳಗೆ ಹೋಗಬಾರದು ಎಂಬುದಕ್ಕೂ ಇದೇ ಹೊತ್ತು ಒಳ್ಳೆಯದು. ಹತ್ತು ನಿಮಿಷ ಗಾಡಿ ಓಡಿಸಿ, ನಿಲ್ಲಿಸಿ, ಹದಿನೈದು ನಿಮಿಷ ಬಿಡಬೇಕು. ಆಯಿಲ್ ಬಿಸಿಯಿದ್ದರೆ ಮಸಿ ಅದರಲ್ಲೇ ತೇಲುತ್ತಾ ಹೊರಬರುತ್ತದೆ, ತಣ್ಣಗಾದರೆ ಚೇಂಬರಿನ ತಳದಲ್ಲೇ ಕೂಡುತ್ತದೆ. ಓಡಿಸಿ ನಿಲ್ಲಿಸಿದ ಕೂಡಲೇ ಬಿಚ್ಚಿದರೆ ಕೈ ಸುಡುವುದು ಖಂಡಿತ.

ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್, ಗೇರಿನಲ್ಲಿ ಗಾಡಿ, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಟ್ಟಿಗೆಯ ಅಡೆ, ಕೀಲಿ ಜೇಬಿನಲ್ಲಿ. ಪಿಕಪ್ ಎತ್ತರ ಇರುವುದರಿಂದ ಜಾಕು ಬೇಕಾಗಲಿಲ್ಲ. ಜಾಕು ಹಾಕಲೇಬೇಕಾದರೆ, ಸ್ಟ್ಯಾಂಡ್ ಕೊಡದೆ ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ಕೆಳಗೆ ರಸಗೊಬ್ಬರದ ಎರಡು ಚೀಲ ಸೀಳಿ ಹಾಸಿ, ಅದರ ಮೇಲೆ ಹಳೇ ರಟ್ಟು, ರಟ್ಟಿನ ಮೇಲೆ ಕ್ಯಾನ್. ಗಾಳಿ ಬರುವ ಕಡೆ ಇನ್ನೊಂದು ರಟ್ಟನ್ನು ಅಡ್ಡ ನಿಲ್ಲಿಸಿದ್ದು.

ಮೊದಲು ಮೇಲಿನ ಮುಚ್ಚಳ ಬಿಚ್ಚಿ, ಗೇಜ್ ಕಡ್ಡಿ ಎಳೆದು ಇಡಬೇಕು. ಗಾಳಿ ಒಳಗೆ ಹೋದರೆ ಧಾರೆ ಗಳಗಳ ಎನ್ನದೆ ಒಂದೇ ಸಮನೆ ಬರುತ್ತದೆ, ಸಿಡಿಯುವುದಿಲ್ಲ. ಬೋಲ್ಟನ್ನು ಪಾನಾದಿಂದ ಸಡಿಲಿಸಿ, ಆಮೇಲೆ ಕೈಯಿಂದಲೇ ತಿರುಗಿಸುವುದು. ತಿರುಗಿಸುವಾಗ ಒಳಕ್ಕೆ ಒತ್ತಿ ಹಿಡಿದಿರಬೇಕು. ಆಟೆ (ಬೋಲ್ಟಿನ ಸುರುಳಿ ಗೀರು) ಮುಗಿದದ್ದು ಬೆರಳಿಗೆ ತಿಳಿಯುತ್ತದೆ. ಆಗ ಒಂದೇ ಸಲಕ್ಕೆ ಪಕ್ಕಕ್ಕೆ ಎಳೆದರೆ ಆಯಿಲ್ ಮುಂಗೈಗೆ ಇಳಿಯುವುದಿಲ್ಲ, ಬೋಲ್ಟೂ ಕ್ಯಾನಿನೊಳಗೆ ಬೀಳುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿಕೊಳ್ಳಲೇಬೇಕು, ಹಳೇ ಡೀಸೆಲ್ ಆಯಿಲ್ ಚರ್ಮಕ್ಕೆ ಮೇಲಿಂದ ಮೇಲೆ ತಾಗುವುದು ಒಳ್ಳೆಯದಲ್ಲ. ನಲವತ್ತು ನಿಮಿಷ ಸೋರಲು ಬಿಟ್ಟದ್ದು. ಬಂದದ್ದು 5.7 ಲೀಟರ್.

ಫಿಲ್ಟರಿಗೆ ಈ ಸಲದ ಉಪಾಯ: ಹಳೇ ಐದು ಲೀಟರ್ ಆಯಿಲ್ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ ತಟ್ಟೆಯ ಹಾಗೆ ಮಾಡಿ ಕ್ರಾಸ್ ಮೆಂಬರ್ ಮೇಲೆ ತೂರಿಸಿದ್ದು. ಫಿಲ್ಟರನ್ನು ಕಾಲು ಸುತ್ತು ಮಾತ್ರ ಸಡಿಲಿಸಿ ಹತ್ತು ನಿಮಿಷ ಕಾದರೆ, ಮೇಲಿನ ದಾರಿಗಳಲ್ಲಿ ನಿಂತ ಆಯಿಲ್ ನಿಧಾನಕ್ಕೆ ತಟ್ಟೆಗೆ ಇಳಿಯುತ್ತದೆ. ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೆಳಗಿನಿಂದ ಫಿಲ್ಟರಿಗೆ ತೊಡಿಸಿ, ಚೀಲದ ಮೇಲಿಂದಲೇ ಹಿಡಿದು ತಿರುಗಿಸಿದರೆ ಫಿಲ್ಟರ್ ಚೀಲದೊಳಗೇ ಇಳಿಯುತ್ತದೆ. ಕ್ರಾಸ್ ಮೆಂಬರ್ ಒಣಗಿಯೇ ಉಳಿಯಿತು.

ಹಳೇ ಫಿಲ್ಟರಿನ ರಬ್ಬರ್ ರಿಂಗ್ ಅದರ ಜೊತೆಗೇ ಬಂದಿದೆಯೇ ಎಂದು ನೋಡದೆ ಹೊಸದನ್ನು ಹಾಕಬಾರದು. ರಿಂಗ್ ಎಂಜಿನ್ನಿಗೆ ಅಂಟಿ ಉಳಿದು, ಅದರ ಮೇಲೆ ಇನ್ನೊಂದು ರಿಂಗ್ ಕೂತರೆ ಮೊದಲು ಸೋರುವುದಿಲ್ಲ. ಪ್ರೆಷರ್ ಏರಿದಾಗ ಒಂದು ಬದಿ ಹೊರಕ್ಕೆ ಜಾರಿ, ನಿಮಿಷದೊಳಗೆ ಆಯಿಲೆಲ್ಲ ರಸ್ತೆಗೆ ಹೋಗುತ್ತದೆ. ಎಂಜಿನ್ ಹೋಗುವ ತಪ್ಪು ಇದು.

ಈ ಗಾಡಿಯಲ್ಲಿ ಫಿಲ್ಟರ್ ಬಾಯಿ ಮೇಲಾಗಿ ಕೂರುತ್ತದೆ, ಹಾಗಾಗಿ ಮೊದಲೇ ಆಯಿಲ್ ತುಂಬಬಹುದು. ಸುತ್ತಲಿನ ಸಣ್ಣ ತೂತುಗಳಿಂದಲೇ ಸುರಿಯಬೇಕು, ನಡುವಿನ ತೂತು ಸೋಸಿದ ಆಯಿಲ್ ಹೊರಗೆ ಹೋಗುವ ದಾರಿ. ಕಾಗದ ಹೀರಿಕೊಂಡಂತೆ ಮತ್ತೆ ಸುರಿದು, ಒಟ್ಟು ಅರ್ಧ ಲೀಟರ್ ಹಿಡಿಯಿತು. ರಿಂಗಿಗೆ ಹೊಸ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು. ಪಾನಾ ಹಾಕಿ ಬಿಗಿದರೆ ಮುಂದಿನ ಸಲ ಬಿಚ್ಚುವವರ ಪಾಡು ಕೇಳಬೇಡಿ.

ಬೋಲ್ಟಿನ ತಾಮ್ರದ ವಾಷರ್ ಹೊಸದು ಸಿಗಲಿಲ್ಲ. ಹಳೆಯದನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಕರಿ ಪೊರೆಯನ್ನು ಸಣ್ಣ ಎಮರಿ ಕಾಗದದಿಂದ ತಿಕ್ಕಿ ತೆಗೆದು ಬಳಸಿದ್ದು. ಅಲ್ಯುಮಿನಿಯಂ ವಾಷರಿಗೆ ಇದು ನಡೆಯದು, ಹೊಸದೇ ಬೇಕು. ಬಿಗಿತ 40 ನ್ಯೂಟನ್ ಮೀಟರ್ ಕೊಟ್ಟದ್ದು. ಟಾರ್ಕ್ ಪಾನಾ ಇಲ್ಲದಿದ್ದರೆ, 25 ಸೆಂಟಿಮೀಟರ್ ಉದ್ದದ ಪಾನಾದ ತುದಿಯಲ್ಲಿ ಸುಮಾರು 16 ಕೆಜಿ ಭಾರದಷ್ಟು ಎಳೆತ. ಪೈಪು ಸಿಕ್ಕಿಸಿ ಬಿಗಿದರೆ ಚೇಂಬರಿನ ಆಟೆಯೇ ಕಿತ್ತುಬರುತ್ತದೆ.

ತಿರುಗಿಸಿ ಬಿಡುವ ವಾಲ್ವನ್ನು ಬೋಲ್ಟಿನ ಜಾಗಕ್ಕೆ ಹಾಕುವ ಯೋಚನೆಯೂ ಇತ್ತು. ಅದು ಹೊರಕ್ಕೆ ಚಾಚಿ ನಿಲ್ಲುತ್ತದೆ. ಹೊಲದ ದಾರಿಯಲ್ಲಿ, ಕಬ್ಬಿನ ಕೂಳೆಯ ಮೇಲೆ ಓಡುವ ಗಾಡಿಗೆ ಬೇಡವೆಂದು ಕೈಬಿಟ್ಟದ್ದು.

ಮೇಲಿನಿಂದ 5.2 ಲೀಟರ್ ಸುರಿದು, ಐದು ನಿಮಿಷ ಬಿಟ್ಟು, ಸ್ಟಾರ್ಟ್. ಆಯಿಲ್ ದೀಪ ನಾಲ್ಕೈದು ಸೆಕೆಂಡಿಗೆ ಆರಿತು. ಹತ್ತು ಸೆಕೆಂಡಾದರೂ ಆರದಿದ್ದರೆ ಬಂದ್ ಮಾಡಬೇಕು. ದೀಪ ಆರುವವರೆಗೆ ರೇಸ್ ಕೊಡಬಾರದು, ಟರ್ಬೊ ಬೇರಿಂಗಿಗೆ ಆಯಿಲ್ ಇನ್ನೂ ತಲುಪಿರುವುದಿಲ್ಲ. ಮೂರು ನಿಮಿಷ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಕಡ್ಡಿ ನೋಡಿ ಇನ್ನು 0.4 ಹಾಕಿದಾಗ ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಂತಿತು. ಫಿಲ್ಟರಿನೊಳಗಿನ ಅರ್ಧ ಲೀಟರ್ ಸೇರಿ ಒಟ್ಟು 6.1. ಕೈಪಿಡಿಯ 6.5ನ್ನು ಕಣ್ಣುಮುಚ್ಚಿ ಸುರಿದಿದ್ದರೆ ಹೆಚ್ಚಾಗುತ್ತಿತ್ತು, ಒಳಗೆ ಹಳೇ ಆಯಿಲ್ ಒಂದಿಷ್ಟು ಉಳಿದೇ ಇರುತ್ತದೆ. ಗೆರೆ ಮೀರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಬ್ರೀದರ್ (ಎಂಜಿನ್ನಿನ ಒಳಗಾಳಿ ಹೊರಬಿಡುವ) ದಾರಿಯಿಂದ ಆಯಿಲ್ ಗಾಳಿ ಪೈಪಿಗೆ ಹೋಗುತ್ತದೆ. ಹೊಸ ಆಯಿಲ್ ಒಂದೇ ದಿನದಲ್ಲಿ ಕಪ್ಪಾಗುವುದು ಡೀಸೆಲ್ ಎಂಜಿನ್ನಿಗೆ ಸಹಜ, ಹೆದರಬೇಕಿಲ್ಲ.

ಬಿಎಸ್-6 ಗಾಡಿ ಇರುವವರು ಇದೇ ಆಯಿಲ್ ತರಬೇಡಿ. ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ) ಕೂಡುವ ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲಿನ ಸೇರ್ಪಡೆಗಳಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಕೈಪಿಡಿಯಲ್ಲಿ ಬರೆದ ಕಡಿಮೆ ಬೂದಿಯ ದರ್ಜೆಯೇ ಬೇಕು.

ಹಳೇ ಆಯಿಲಿನಲ್ಲಿ ಅಯಸ್ಕಾಂತ ಆಡಿಸಿ ನೋಡಿದ್ದು: ಬೂದಿಯಂಥ ನಯವಾದ ಪುಡಿ ಒಂದಿಷ್ಟು, ಹೊಳೆಯುವ ಚೂರಿಲ್ಲ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ನೀರು ಸೇರಿದೆ ಎಂದರ್ಥ. ಕಡ್ಡಿಯಲ್ಲಿ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ನೋಡಿಸಬೇಕು. ಹಳೆಯದನ್ನು ಹೊಸ ಆಯಿಲಿನ ಖಾಲಿ ಡಬ್ಬಿಗಳಿಗೇ ತುಂಬಿ, ಕೂಲೆಂಟ್ ಬೆರೆಸದೆ, ಮೇಲೆ ಬರೆದು ಇಟ್ಟಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಇದು ಪರವಾನಗಿ ಇರುವ ಮರುಶುದ್ಧೀಕರಣದವರಿಗೇ ಹೋಗಬೇಕು, ಅವರಿಗೆ ಕೊಡುವ ಗ್ಯಾರೇಜನ್ನು ಕೇಳಿ ಗೊತ್ತು ಮಾಡಿಕೊಂಡಿದೆ. ಗೆದ್ದಲಿಗೆಂದು ಕಂಬಕ್ಕೆ ಬಳಿಯಬೇಡಿ, ಮಳೆಗೆ ತೊಳೆದು ಬಾವಿ ನೀರಿಗೇ ಸೇರುತ್ತದೆ.

ಚೀಲ ಎತ್ತಿದಾಗ ಫರಸಿ ಮೇಲೆ ಎರಡು ಹನಿ. ಕ್ಯಾನ್ ಹೊರಗೆಳೆಯುವಾಗ ಅದರ ಅಂಚಿನಿಂದ ಬಿದ್ದದ್ದು. ಕೂಡಲೇ ಒಲೆಯ ಬೂದಿ ಹಾಕಿ ರಾತ್ರಿಯಿಡೀ ಬಿಟ್ಟು, ಸೋಪಿನ ಪುಡಿಯಲ್ಲಿ ತಿಕ್ಕಿದಾಗ ಹೋಯಿತು. ಮುಂದಿನ ಸಲ ಕ್ಯಾನ್ ಎಳೆಯುವ ಮೊದಲು ಕಿಟಕಿಯ ಅಂಚನ್ನು ಚಿಂದಿಯಿಂದ ಒರೆಸುವುದು. 100 ಕಿ.ಮೀ. ಓಡಿದ ಮೇಲೆ ಬೋಲ್ಟು, ಫಿಲ್ಟರು ಎರಡೂ ಒಣಗಿವೆ.