ಊರಿನ ಹೆಸರು ಅಳಿಸಿದ್ದೆ, ಜಾಗ ಉಳಿದಿತ್ತು

ಶುಕ್ರವಾರ ಸಂಜೆ 6.40ಕ್ಕೆ ಬಂದ ಮಿಂಚಂಚೆಯಲ್ಲಿ ಇದ್ದದ್ದು ಎರಡೇ ಸಾಲು: ‘ನಿಮ್ಮ ಗೂಬೆ ಮರಿಗಳ ಚಿತ್ರದೊಳಗೆ ಅಕ್ಷಾಂಶ, ರೇಖಾಂಶ ಹಾಗೆಯೇ ಇವೆ. ದಯವಿಟ್ಟು ಬೇಗ ತೆಗೆಯಿರಿ.’

ಪ್ರವಾಸ ಪತ್ರಿಕೆಯೊಂದರ ಚಿತ್ರ ಡೆಸ್ಕಿನಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೇನೆ. ವರದಿಗಾರರು ದಾರಿಯುದ್ದಕ್ಕೂ ತೆಗೆದು ತರುವ ಕಣಿವೆ, ಮಂಜು, ತಿರುವಿನಲ್ಲಿ ಎದುರಾದ ಜಿಂಕೆ ಹಿಂಡು, ಇವನ್ನೆಲ್ಲ ಜೋಡಿಸಿ ಚಿತ್ರಮಾಲೆ ಮಾಡುವುದು ನನ್ನ ಕೆಲಸ. ಆ ವಾರದ ಮಾಲೆಯಲ್ಲಿ ಒಂದು ಅಪರೂಪದ ಚಿತ್ರವಿತ್ತು. ರಸ್ತೆ ಬದಿಯ ಸೀಳುಬಂಡೆಯ ಚಾಚಿನಲ್ಲಿ ಹತ್ತಿಯುಂಡೆಯಂಥ ಎರಡು ಮರಿಗಳು, ಹಿಂದೆ ಕಿತ್ತಳೆ ಕಣ್ಣಿನ ತಾಯಿ. ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ, ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಜನ ಮುತ್ತಿಕೊಂಡು ತಾಯಿ ಎದ್ದುಹೋದರೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಒಡ್ಡಿಕೊಂಡು ಕೂರಬೇಕು. ಇದು ಗೊತ್ತಿದ್ದೇ ಊರಿನ ಹೆಸರನ್ನೂ ಹೆದ್ದಾರಿಯ ಸಂಖ್ಯೆಯನ್ನೂ ನಾನು ತೆಗೆದುಹಾಕಿದ್ದೆ. ಅಷ್ಟು ಸಾಕೆಂದು ನಂಬಿದ್ದೆ.

ಸ್ಥಳದ ಅನುಮತಿ ಇದ್ದರೆ ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಫೋನು ಚಿತ್ರದ ಫೈಲಿನೊಳಗೇ ಬರೆದಿಡುತ್ತದೆ. ಫೈಲನ್ನು ಇಳಿಸಿಕೊಂಡು ನೋಡಿದೆ. ದಶಮಾಂಶ ಬಿಂದುವಿನ ನಂತರ ಆರು ಅಂಕಿಗಳು. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್; ನಾಲ್ಕನೆಯ ದಶಮಾಂಶಕ್ಕೆ ಬರುವಷ್ಟರಲ್ಲಿ ಅದು 11 ಮೀಟರಿಗೆ ಇಳಿದಿರುತ್ತದೆ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸಿದರೂ ಬಂಡೆ ಹುಡುಕುವವನಿಗೆ ಅಷ್ಟು ಧಾರಾಳವಾಯಿತು.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಜೊತೆಗೆ ಈ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಮೂಲ ಫೈಲು ಇದ್ದಂತೆಯೇ ಬರುತ್ತದೆ. ‘ಡಾಕ್ಯುಮೆಂಟ್ ಆಗಿಯೇ ಕಳುಹಿಸಿ, ಗುಣಮಟ್ಟ ಕೆಡಬಾರದು’ ಎಂದು ಎಲ್ಲರಿಗೂ ತಾಕೀತು ಮಾಡಿದವನು ನಾನೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಪ್ರಕಟಿಸುವ ಚಿತ್ರಗಳಲ್ಲಿ ಜಾಗದ ವಿವರ ಉಳಿಯುವುದಿಲ್ಲ. ನಮ್ಮ ತಾಣದಲ್ಲೂ ಹಾಗೆಯೇ ಎಂದುಕೊಂಡೆ, ಒಂದು ಸಲವೂ ಪರೀಕ್ಷಿಸಲಿಲ್ಲ. ಅಲ್ಲಿ ಮೇಲಿನವರ ಒತ್ತಾಯಕ್ಕೆ ಸೇರಿಸಿದ ‘ಮೂಲ ಗಾತ್ರದಲ್ಲಿ ಇಳಿಸಿಕೊಳ್ಳಿ’ ಎಂಬ ಗುಂಡಿ ಬೇರೆ ಇತ್ತು.

ತಾಣಕ್ಕೆ ಬರಹ, ಚಿತ್ರ ಏರಿಸುವ ತಂತ್ರಾಂಶವಾದ ಸಿಎಂಎಸ್‌ನಿಂದ ಚಿತ್ರ ಅಳಿಸಿದೆ. ಕೊಂಡಿ ಒತ್ತಿದರೆ ಚಿತ್ರ ಮತ್ತೆ ತೆರೆದುಕೊಂಡಿತು. ಅಳಿಸಿದ ಮೇಲೂ ಸರ್ವರಿನಲ್ಲಿ ಉಳಿಯುವ ತಾತ್ಕಾಲಿಕ ಪ್ರತಿಯನ್ನು, ಅಂದರೆ ಕ್ಯಾಶನ್ನು, ತೆರವು ಮಾಡುವ ಅಧಿಕಾರ ತಾಂತ್ರಿಕ ವಿಭಾಗಕ್ಕೆ ಮಾತ್ರ. ಅವರ ಪಾಳಿ ಆರಕ್ಕೇ ಮುಗಿದಿತ್ತು. ತುರ್ತಿಗೆ ಡೆಸ್ಕಿಗೂ ಆ ಅನುಮತಿ ಕೊಡಿ ಎಂದು ನಾವು ಕೇಳಿ ವರ್ಷವಾಗಿತ್ತು. ಮೂರು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಎತ್ತಿದವರು ಬಸ್ಸಿನಲ್ಲಿದ್ದರು, ಮನೆ ಮುಟ್ಟಿದ ಕೂಡಲೇ ಮಾಡುತ್ತೇನೆಂದರು.

ಕಾಯುತ್ತಾ ಮಾಲೆಯ ಉಳಿದ ಚಿತ್ರಗಳನ್ನು ತೆರೆದೆ. ನಾಲ್ಕನೆಯದರಲ್ಲಿ ಕಾರಿನ ಬಾನೆಟ್, ಅದರಾಚೆ ನೇರ ರಸ್ತೆ, ಬಲಕ್ಕೆ ಅದೇ ಸೀಳುಬಂಡೆ. ಎಡ ಮೂಲೆಯಲ್ಲಿ ಹುಲ್ಲಿನ ನಡುವೆ ಏನೋ ಬೆಳ್ಳಗೆ ಕಂಡಿತು. ಹಿಗ್ಗಿಸಿದೆ. ಕಿಲೋಮೀಟರ್ ಕಲ್ಲು! ಊರಿನ ಹೆಸರು, ದೂರ, ಎರಡೂ ಓದುವಂತಿದ್ದವು. ಕೆಳಗೆ ನಾನೇ ಬರೆದ ಅಡಿಬರಹ: ‘ಇಲ್ಲಿಂದ ಕೂಗಳತೆಯಲ್ಲೇ ಗೂಬೆ ಸಂಸಾರ’. ಕೈ ತಣ್ಣಗಾಯಿತು. ಇಡೀ ಮಾಲೆಯನ್ನೇ ಕಿತ್ತುಹಾಕಿದೆ. ಹಳೆಯ ಕೊಂಡಿಗಳು ಸತ್ತದ್ದು 7.25ಕ್ಕೆ. ಅಷ್ಟರಲ್ಲಿ ಆ ಮೂಲ ಫೈಲನ್ನು ಎಷ್ಟು ಜನ ಇಳಿಸಿಕೊಂಡಿದ್ದರೋ, ನಮ್ಮ ತಾಣದಲ್ಲಿ ಅದರ ಲೆಕ್ಕವೇ ಇಲ್ಲ.

ಈಗ ಪ್ರತಿ ಫೈಲಿನ ಜಾಗದ ಮಾಹಿತಿಯನ್ನು ಅಳಿಸಿ, ಅಳಿಸಿದ್ದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿಯೇ ಏರಿಸುತ್ತೇನೆ. ಪ್ರಾಣಿ, ಪಕ್ಷಿಯ ಚಿತ್ರವನ್ನು ಅದೇ ದಾರಿಯ ಭೂದೃಶ್ಯದ ಪಕ್ಕದಲ್ಲಿ ಇಡುವುದಿಲ್ಲ. ಮರಿಗಳಿರುವ ಚಿತ್ರವನ್ನು ಆ ಋತು ಮುಗಿಯುವವರೆಗೆ ಪ್ರಕಟಿಸುವುದೇ ಇಲ್ಲ. ಮೂಲ ಗಾತ್ರದಲ್ಲಿ ಇಳಿಸಿಕೊಳ್ಳುವ ಗುಂಡಿಯನ್ನು ತೆಗೆಯಿರಿ ಎಂದು ಎರಡು ಸಲ ಬರೆದುಕೊಟ್ಟಿದ್ದೇನೆ, ಇನ್ನೂ ಇದೆ.

ಆ ರಾತ್ರಿ ವರದಿಗಾರನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಸರ್, ನಾನು ಅಲ್ಲಿ ಎರಡು ನಿಮಿಷವೂ ನಿಲ್ಲಲಿಲ್ಲ’ ಎಂದ. ‘ಬಾಗಿಲ ಸದ್ದಿಗೆ ತಾಯಿ ಎದ್ದುಬಿಟ್ಟಾಳೆಂದು ಕಾರಿನಿಂದ ಕೆಳಗೂ ಇಳಿಯಲಿಲ್ಲ.’