ಎರಡು ಬುಟ್ಟಿ ಉಸುಕು

ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ನಾನು ಸಿವಿಲ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೊಸ ಬ್ಯಾಚ್ ಬಂದ ದಿನ ಎಲ್ಲರ ಕಣ್ಣು ಮೂಲೆಯ ದೊಡ್ಡ ಕಂಪ್ರೆಷನ್ ಮಷೀನಿನ (ಕಾಂಕ್ರೀಟನ್ನು ಒತ್ತಿ ಒಡೆದು ನೋಡುವ ಯಂತ್ರದ) ಮೇಲೆ. 'ಸರ, ಇದನ್ನ ಯಾವಾಗ ಚಾಲೂ ಮಾಡ್ತೀರಿ?' ಅಂತ ಕೇಳುತ್ತಾರೆ. ಅವತ್ತು ಮಾತ್ರ ಅದನ್ನು ಮುಟ್ಟಲು ಬಿಡುವುದಿಲ್ಲ. ಮೇಜಿನ ಮೇಲೆ ಎರಡು ಬುಟ್ಟಿ ಉಸುಕು ಇಟ್ಟಿರುತ್ತೇನೆ. ಯಾವುದು ಒಳ್ಳೆಯದು, ನೋಡಿ ಹೇಳಿ ಅನ್ನುತ್ತೇನೆ.

ಈ ವರ್ಷ ಬೀಳಗಿ ಕಡೆಯ ಒಬ್ಬ ಹುಡುಗ ಮುಂದೆ ಬಂದ. ಮೊದಲ ಬುಟ್ಟಿಯಿಂದ ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿದ. ಉಸುಕು ಚೆಲ್ಲಿ ಕೈ ತೋರಿಸಿದ. ಅಂಗೈ ತುಂಬ ಕೆಂಪು ಮಣ್ಣು ಅಂಟಿತ್ತು. 'ಇದರಾಗ ಮಣ್ಣ ಜಾಸ್ತಿ ಐತ್ರಿ ಸರ. ನಮ್ಮಪ್ಪ ಹಿಂಗ ನೋಡ್ತಾನ್ರಿ.' ಅಪ್ಪ ಗೌಂಡಿ. ಅದನ್ನು ಹೇಳುವಾಗ ಹುಡುಗನ ದನಿ ಸಣ್ಣದಾಯಿತು. ಉಳಿದವರಿಗೂ ಹಾಗೇ ತಿಕ್ಕಿ ನೋಡಲು ಹೇಳಿದೆ. ಇವನ ಅಪ್ಪ ಮಾಡುವುದೂ ಒಂದು ಪರೀಕ್ಷೆಯೇ, ನಮ್ಮ ಲ್ಯಾಬಿನ ಮೊದಲ ಪರೀಕ್ಷೆ ಅದೇ ಅಂದೆ.

ಆಮೇಲೆ ಅಳತೆ ಜಾರ್ ತೆಗೆದೆವು. 50 ಎಂ.ಎಲ್. ಗೆರೆಯವರೆಗೆ ಉಪ್ಪು ನೀರು. ಉಸುಕಿನ ಮಟ್ಟ 100ಕ್ಕೆ ಬರುವವರೆಗೆ ಉಸುಕು. ಮತ್ತೆ 150ರವರೆಗೆ ಉಪ್ಪು ನೀರು. ಬಾಯಿ ಮುಚ್ಚಿ ಜೋರಾಗಿ ಅಲುಗಾಡಿಸಿ ಮೂರು ಗಂಟೆ ಬಿಡಬೇಕು. ಉಪ್ಪು ಯಾಕೆ ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮಣ್ಣಿನ ಸಣ್ಣ ಕಣಗಳು ಸಾದಾ ನೀರಿನಲ್ಲಿ ಬೇಗ ಕೂರುವುದಿಲ್ಲ. ಉಪ್ಪು ಇದ್ದರೆ ಒಂದಕ್ಕೊಂದು ಕೂಡಿಕೊಂಡು ಕೆಳಗಿಳಿಯುತ್ತವೆ. ಉಸುಕಿನ ಮೇಲೆ ಕೂತ ಆ ಮಣ್ಣಿನ ಪದರ ಉಸುಕಿನ ಪದರದ ಶೇ. 8 ದಾಟಿದರೆ ಆ ಉಸುಕು ಕಾಂಕ್ರೀಟಿಗೆ ಬೇಡ. ಸಿಮೆಂಟು ಹಿಡಿಯಬೇಕಾದ ಜಾಗದಲ್ಲಿ ಮಣ್ಣು ಅಡ್ಡ ಕೂರುತ್ತದೆ.

ಎರಡನೇ ಬುಟ್ಟಿಗೆ 4 ಬಂತು, ಮೊದಲನೆಯದಕ್ಕೆ 13. ಹುಡುಗನ ಮುಖ ಅರಳಿತು. ಅವನ ಅಪ್ಪನ ಕೈಗೆ ಮೊದಲೇ ಗೊತ್ತಿತ್ತು, ಅಲ್ವಾ? ಆದರೆ 'ಮಣ್ಣು ಜಾಸ್ತಿ' ಎಂದು ಗೌಂಡಿ ಹೇಳಿದರೆ ಗುತ್ತಿಗೆದಾರ ಕೇಳುವುದಿಲ್ಲ. 13 ಎಂದು ಕಣ್ಣ ಮುಂದೆ ತೋರಿಸಿದರೆ ತಳ್ಳಿಹಾಕುವುದು ಕಷ್ಟ. ನಾನು ಲ್ಯಾಬ್ ಕಲಿಸುವುದೇ ಇದಕ್ಕಾಗಿ.

ಹಾಗಾಗಿ ಬಂದ ಅಂಕಿಯನ್ನು ಬಂದ ಹಾಗೆಯೇ ಬರೆಯಬೇಕು. ಈ ವಿಷಯದಲ್ಲಿ ನಾನು ಬಹಳ ಬಿಗಿ.

ಕ್ಯೂಬ್ ಒಡೆಯುವ ದಿನ ಇದೇ ಮಾತು ಬಂತು. ಎಂ-20 ಕಾಂಕ್ರೀಟು, 150 ಮಿ.ಮೀ. ಕ್ಯೂಬ್, 28 ದಿನ ನೀರಿನ ತೊಟ್ಟಿಯಲ್ಲಿ ಇಟ್ಟದ್ದು. ಸೆಕೆಂಡಿಗೆ ಸುಮಾರು 5 ಕಿಲೋ ನ್ಯೂಟನ್‌ನಂತೆ ನಿಧಾನಕ್ಕೆ ಭಾರ ಏರಿಸಿದೆವು. ಮುಳ್ಳು 450 ದಾಟಿದಾಗ ಹುಡುಗರು ಉಸಿರು ಬಿಟ್ಟರು. ಆ ಭಾರಕ್ಕೆ ಚದರ ಮಿ.ಮೀ.ಗೆ ಸರಿಯಾಗಿ 20 ನ್ಯೂಟನ್ ಆಗುತ್ತದೆ. ಎಂ-20 ಅನ್ನುವಾಗಿನ 20 ಅದೇ. ಮೊದಲ ಎರಡು ಕ್ಯೂಬ್ 560ಕ್ಕೆ, 585ಕ್ಕೆ ಒಡೆದವು. ಮೂರನೆಯದು 430ಕ್ಕೇ ಹೋಯಿತು. 'ಸರ, ಇದೊಂದ ಹೊಂದವಲ್ದು. 550 ಅಂತ ಬರೀಲೇನ್ರಿ?'

ಬೇಡ ಅಂದೆ. ಒಡೆದ ತುಂಡನ್ನು ಕೈಯಲ್ಲಿ ಹಿಡಿದು ನೋಡಿ ಅಂದೆ. ಒಂದು ಬದಿಯಲ್ಲಿ ತೂತು ತೂತು, ಖಡಿಗಳ ನಡುವೆ ಗಾರೆಯೇ ಇಲ್ಲ. ಮೂರು ಪದರ ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ ಕನಿಷ್ಠ 35 ಸಲ ಕುಟ್ಟಬೇಕು. ಒಬ್ಬಳು ಮೆಲ್ಲಗೆ ಬಾಯಿ ಬಿಟ್ಟಳು. 'ಕೊನೀ ಕ್ಯೂಬಿಗೆ ಇಪ್ಪತ್ತ ಕುಟ್ಟಿದ್ನಿರಿ. ಕೈ ನೋಯ್ತಿತ್ತು.' ಆ 430 ಇಲ್ಲದಿದ್ದರೆ ಈ ಮಾತು ಹೊರಗೇ ಬರುತ್ತಿರಲಿಲ್ಲ. ಮೂರರ ಸರಾಸರಿ 525. ಯಾವ ಕ್ಯೂಬೂ ಸರಾಸರಿಯಿಂದ ಶೇ. 15ಕ್ಕಿಂತ ಆಚೀಚೆ ಹೋಗಬಾರದು. ಇದು ಹೋಗಿತ್ತು. ಜರ್ನಲ್‌ನಲ್ಲಿ 430 ಎಂದೇ ಬರೆದರು. ಮತ್ತೆ ಕಲಸಿ, ಮತ್ತೆ 28 ದಿನ ಕಾದರು.

ಈ ಕೆಲಸಕ್ಕೆ ಬರುವ ಮೊದಲು ನಾನು ಒಂದು ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದೆ. ಅಲ್ಲಿ ಟೆಸ್ಟಿಗೆ ಕಳಿಸುವ ಕ್ಯೂಬಿಗೆ ಸಿಮೆಂಟು ಜಾಸ್ತಿ ಹಾಕಿ ಬೇರೆಯೇ ಕಲಸುತ್ತಿದ್ದರು. ನಾನೇ ಕೈಯಾರೆ ತುಂಬಿದ್ದೇನೆ, ರಿಜಿಸ್ಟರಿನಲ್ಲಿ ಸಹಿಯನ್ನೂ ಮಾಡಿದ್ದೇನೆ. ರಿಪೋರ್ಟ್ ಚೆನ್ನಾಗಿಯೇ ಬಂತು. ಕಂಬಕ್ಕೆ ಹೋದ ಕಾಂಕ್ರೀಟು ಅದಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಮನೆ ಬಿಟ್ಟುಕೊಟ್ಟು, ನವನಗರಕ್ಕೆ ಬಂದು ಹೊಸದಾಗಿ ಮನೆ ಕಟ್ಟಿಕೊಂಡವರ ಊರು ನಮ್ಮದು. ಒಂದು ಮನೆಗೆ ಎಷ್ಟು ಜನ್ಮದ ದುಡ್ಡು ಬೇಕೆಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಸಹಿ ಈಗಲೂ ನನ್ನನ್ನು ಚುಚ್ಚುತ್ತದೆ. ಪ್ರತಿ ಬ್ಯಾಚಿಗೂ ಇದನ್ನು ಮುಚ್ಚಿಡದೆ ಹೇಳುತ್ತೇನೆ.

ಹೋದ ಶನಿವಾರ ಬೀಳಗಿಯ ಹುಡುಗ ಬಾಗಿಲಲ್ಲಿ ನಿಂತಿದ್ದ. ರವಿವಾರಕ್ಕೆ ಒಂದು ಜಾರ್ ಬೇಕಂತೆ. ಹಳೇ ಪ್ಲಾಸ್ಟಿಕ್ ಜಾರ್ ಒಂದಿತ್ತು, ಕೊಟ್ಟೆ. ಸೋಮವಾರ ತೊಳೆದು ತಂದುಕೊಟ್ಟ. ಒಳಗೆ ಸಿಮೆಂಟು ಚೀಲದಿಂದ ಹರಿದ ಒಂದು ಚೂರು ಕಾಗದ, ಅದರ ಮೇಲೆ ಪೆನ್ಸಿಲಿನಲ್ಲಿ ದಪ್ಪಗೆ 11 ಎಂದು ಬರೆದಿತ್ತು.

'ನೀನು ಬರೆದದ್ದಾ?' ಅಂದೆ.

'ಅಲ್ರಿ ಸರ. ಅಪ್ಪ ಅಳದು ಬರದಾನ್ರಿ.'